ಸೋತವನಿಗೆ 260 ಡಾಲರ್

2023ರ ಅಕ್ಟೋಬರ್‌ನಲ್ಲಿ ಧಾರವಾಡದಲ್ಲಿ ಒಂದು ಅಂತರರಾಷ್ಟ್ರೀಯ ಪುರುಷರ ಟೆನಿಸ್ ಟೂರ್ನಿ ನಡೆಯಿತು. ಒಟ್ಟು ಬಹುಮಾನ 25 ಸಾವಿರ ಡಾಲರ್. ಇಪ್ಪತ್ತು ಲಕ್ಷ ರೂಪಾಯಿಗೂ ಮೇಲಾಯಿತಲ್ಲ ಎನಿಸಬಹುದು. ಆದರೆ ಆ ದುಡ್ಡು ಸಿಂಗಲ್ಸ್, ಡಬಲ್ಸ್ ಎರಡಕ್ಕೂ ಹಂಚಿಹೋಗಬೇಕು. ಈ ದರ್ಜೆಯ ಟೂರ್ನಿಯಲ್ಲಿ ಸಿಂಗಲ್ಸ್ ಚಾಂಪಿಯನ್‌ಗೆ ಸಿಗುತ್ತಿದ್ದುದು 3,600 ಡಾಲರ್. ಮೊದಲ ಸುತ್ತಿನಲ್ಲಿ ಸೋತವನಿಗೆ 260. ಅದಕ್ಕೂ ಹಿಂದಿನ ಅರ್ಹತಾ ಸುತ್ತಿನಲ್ಲಿ ಸೋತವನಿಗೆ ಬಿಡಿಗಾಸೂ ಇಲ್ಲ. ಆಡಲು ಬಂದವನು ಪ್ರವೇಶ ಶುಲ್ಕ ಕಟ್ಟಿಯೇ ಬಂದಿರುತ್ತಾನೆ. ತೆರಿಗೆ ಕಡಿತದ ಮಾತು ಬೇರೆ.

ಆ ವಾರ ಧಾರವಾಡದಲ್ಲಿ ಗೆದ್ದವರು ಚೆನ್ನೈನ ರಾಮ್‌ಕುಮಾರ್ ರಾಮನಾಥನ್. ಹೆಸರು ಎಲ್ಲೋ ಕೇಳಿದಂತಿದೆ ಅನ್ನುವವರಿಗೆ ನೆನಪಿಸುವುದಾದರೆ, ಇವರು 2017ರಲ್ಲಿ ಟರ್ಕಿಯ ಅಂತಾಲ್ಯದಲ್ಲಿ, ಆಗ ವಿಶ್ವದ ಎಂಟನೇ ಸ್ಥಾನದಲ್ಲಿದ್ದ ಡೊಮಿನಿಕ್ ಥೀಮ್ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದವರು. ಮರುವರ್ಷ ಅಮೆರಿಕದ ನ್ಯೂಪೋರ್ಟ್‌ನಲ್ಲಿ ಎಟಿಪಿ ಟೂರ್ನಿಯ ಫೈನಲ್ ತಲುಪಿದವರು. 2011ರಲ್ಲಿ ಸೋಮದೇವ್ ದೇವವರ್ಮನ್ ಆಡಿದ ಮೇಲೆ ಭಾರತೀಯನೊಬ್ಬ ಎಟಿಪಿ ಸಿಂಗಲ್ಸ್ ಫೈನಲ್‌ಗೆ ಬಂದದ್ದು ಅದೇ ಮೊದಲು. ಧಾರವಾಡಕ್ಕೆ ಬರುವ ಮೂರು ವಾರ ಮುಂಚೆಯಷ್ಟೇ ಚೀನಾದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಸಾಕೇತ್ ಮೈನೇನಿ ಜೊತೆ ಡಬಲ್ಸ್ ಬೆಳ್ಳಿ ಗೆದ್ದಿದ್ದರು. ಬೆಳ್ಳಿ ಪದಕ ಬ್ಯಾಗಿನಲ್ಲಿಟ್ಟುಕೊಂಡು ಬಂದು, 3,600 ಡಾಲರ್‌ಗಾಗಿ ಆಡಿದರು. ಅದೇ ವರ್ಷದ ಡಿಸೆಂಬರ್ ಮೊದಲ ವಾರದಲ್ಲಿ ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲೂ ಇಂಥದೇ ಟೂರ್ನಿ ಗೆದ್ದರು.

ಇದನ್ನು ‘ಇಳಿಗಾಲ’ ಎಂದು ಬರೆದುಬಿಡುವುದು ಸುಲಭ. ನನಗೆ ಹಾಗೆ ಅನಿಸುವುದಿಲ್ಲ. ಟೆನಿಸ್ ಎಂಬ ಕಸುಬಿನ ಬಹುಪಾಲು ಇರುವುದೇ ಇಲ್ಲಿ. ಟಿ.ವಿ.ಯಲ್ಲಿ ಕಾಣುವ ವಿಂಬಲ್ಡನ್ ಹುಲ್ಲು, ಸ್ಟ್ರಾಬೆರಿ, ರಾಜಮನೆತನದ ಆಸನಗಳು ಇವೆಲ್ಲ ಆ ಕಸುಬಿನ ಮೇಲಂತಸ್ತು. ಕೆಳಗಿನ ಅಂತಸ್ತುಗಳು ಧಾರವಾಡದಲ್ಲಿವೆ, ಟ್ಯುನೀಷಿಯಾದ ಮೊನಾಸ್ಟಿರ್‌ನಲ್ಲಿವೆ, ಟರ್ಕಿಯ ಅಂತಾಲ್ಯದಲ್ಲಿವೆ.

ಈ ಕಟ್ಟಡವನ್ನು ಸ್ವಲ್ಪ ನೋಡೋಣ. ತಳದಲ್ಲಿ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ (ಐಟಿಎಫ್) ನಡೆಸುವ ಎಂ15, ಎಂ25 ಟೂರ್ನಿಗಳು. ಧಾರವಾಡದ್ದು ಎಂ25. ಹಳಬರು ಇವನ್ನು ಈಗಲೂ ‘ಫ್ಯೂಚರ್ಸ್’ ಎನ್ನುತ್ತಾರೆ. ಅದರ ಮೇಲೆ ಚಾಲೆಂಜರ್ ಟೂರ್ನಿಗಳು. ಅದಕ್ಕೂ ಮೇಲೆ ಎಟಿಪಿ ಟೂರ್, ತುದಿಯಲ್ಲಿ ನಾಲ್ಕು ಗ್ರ್ಯಾಂಡ್‌ಸ್ಲಾಮ್. ಎಂ25 ಗೆದ್ದರೆ ಈಗ 25 ರ‍್ಯಾಂಕಿಂಗ್ ಅಂಕ, ಮೊದಲ ಸುತ್ತಿನಲ್ಲಿ ಸೋತರೆ ಸೊನ್ನೆ, ಒಂದು ಪಂದ್ಯ ಗೆದ್ದರೆ ಒಂದೇ ಒಂದು ಅಂಕ. ವರ್ಷಕ್ಕೆ ಎಂಟು ಎಂ25 ಪ್ರಶಸ್ತಿ ಗೆಲ್ಲುವುದು ಸಾಮಾನ್ಯರ ಕೈಲಾಗುವ ಮಾತಲ್ಲ. ಗೆದ್ದರೂ ಕೈಗೆ ಬರುವುದು 200 ಅಂಕ. ಗ್ರ್ಯಾಂಡ್‌ಸ್ಲಾಮ್ ಚಾಂಪಿಯನ್‌ಗೆ ಎರಡೇ ವಾರದಲ್ಲಿ 2,000. ಅಲ್ಲಿ ಒಂದು ಸುತ್ತು ದಾಟಿದರೆ ಸಾಕು, 50 ಅಂಕ. ಅಂದರೆ ಎರಡು ಎಂ25 ಪ್ರಶಸ್ತಿಗಳ ಗಳಿಕೆ ಒಂದೇ ಮಧ್ಯಾಹ್ನದಲ್ಲಿ.

ಅಂಕಗಳಿಗೆ ಆಯುಸ್ಸೂ ಇದೆ, 52 ವಾರ. ಈ ಅಕ್ಟೋಬರ್‌ನಲ್ಲಿ ಗೆದ್ದದ್ದು ಮುಂದಿನ ಅಕ್ಟೋಬರ್‌ಗೆ ಉದುರಿಹೋಗುತ್ತದೆ. ಅಷ್ಟರೊಳಗೆ ಅಷ್ಟೇ ಅಂಕ ಇನ್ನೆಲ್ಲಾದರೂ ಸಂಪಾದಿಸದಿದ್ದರೆ ರ‍್ಯಾಂಕ್ ಜಾರುತ್ತದೆ. ಜ್ವರ ಬಂತು, ಮೊಣಕಾಲು ಊದಿತು, ಅಕ್ಕನ ಮದುವೆ ಇತ್ತು ಎಂಬ ಯಾವ ಸಬೂಬೂ ಕಂಪ್ಯೂಟರ್‌ಗೆ ನಾಟುವುದಿಲ್ಲ.

ಇನ್ನು ಖರ್ಚು. ತಂಡದ ಆಟಗಳಲ್ಲಿ ಆಟಗಾರ ಬರಿಗೈಯಲ್ಲಿ ಬಂದು ಆಡಿ ಹೋದರೂ ಆದೀತು. ಬಸ್ಸು, ಊಟ, ವಸತಿ, ಫಿಸಿಯೊ ಎಲ್ಲ ತಂಡದ ಲೆಕ್ಕ. ಟೆನಿಸ್‌ನಲ್ಲಿ ಮೇಳದ ಯಜಮಾನನೂ ಅವನೇ, ವೇಷ ಕಟ್ಟುವವನೂ ಅವನೇ, ಪೆಟ್ಟಿಗೆ ಹೊರುವವನೂ ಅವನೇ. ವಿಮಾನದ ಟಿಕೆಟ್ ಮುಂಗಡವಾಗಿ ಕೊಂಡರೆ ಅಗ್ಗ, ನಿಜ. ಆದರೆ ಮಂಗಳವಾರ ಸೋಲುತ್ತೇನೋ ಭಾನುವಾರ ಫೈನಲ್ ಆಡುತ್ತೇನೋ ಎಂದು ತಿಂಗಳ ಮೊದಲೇ ಹೇಳಬಲ್ಲವರು ಯಾರು? ಹಾಗಾಗಿ ಟಿಕೆಟ್ ಕೊನೆ ಗಳಿಗೆಯದ್ದು, ದುಬಾರಿಯದ್ದು. ಹಲವು ಟೂರ್ನಿಗಳಿಗೆ ಅರ್ಜಿ ಹಾಕಿ, ಎಲ್ಲಿ ಪ್ರಧಾನ ಸುತ್ತಿಗೆ ಹೆಸರು ಬರುತ್ತದೋ ಅಲ್ಲಿಗೆ ಹೊರಡುವುದು ರೂಢಿ. ಟೂರ್ನಿಯ ಹೆಸರಿನ ಮುಂದೆ ‘ಎಚ್’ ಎಂಬ ಅಕ್ಷರವಿದ್ದರೆ ಆಟಗಾರರ ಮುಖ ಅರಳುತ್ತದೆ. ವಸತಿಯನ್ನು ಸಂಘಟಕರೇ ನೋಡಿಕೊಳ್ಳುತ್ತಾರೆ ಎಂಬುದರ ಗುರುತು ಅದು. ಇಬ್ಬರು ಒಂದು ಕೋಣೆ ಹಂಚಿಕೊಳ್ಳುವುದು ಸಾಮಾನ್ಯ. ಮರುದಿನ ಆ ಇಬ್ಬರೇ ಎದುರಾಳಿಗಳಾಗಿ ಕೋರ್ಟಿಗೆ ಇಳಿಯುವುದೂ ಉಂಟು. ರ‍್ಯಾಕೆಟ್‌ಗೆ ತಂತಿ ಬಿಗಿಯುವ ಕೂಲಿ ಉಳಿಸಲು ಯಂತ್ರವನ್ನೇ ಹೊತ್ತು ತಿರುಗುವವರಿದ್ದಾರೆ.

ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ 2013ರ ಅಂಕಿಅಂಶ ಇಟ್ಟುಕೊಂಡು ಒಂದು ಅಧ್ಯಯನ ಮಾಡಿಸಿತು. ಆ ವರ್ಷ ವೃತ್ತಿಪರ ಟೂರ್ನಿಗಳಲ್ಲಿ ಆಡಿದವರು ಸುಮಾರು 14 ಸಾವಿರ ಮಂದಿ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರ ಇಡೀ ವರ್ಷದ ಬಹುಮಾನ ಗಳಿಕೆ ಶೂನ್ಯ. ಪ್ರಯಾಣ, ಊಟ, ವಸತಿಯ ಖರ್ಚು ಬಹುಮಾನದ ಹಣಕ್ಕೆ ಸರಿದೂಗುತ್ತಿದ್ದದ್ದು ಪುರುಷರಲ್ಲಿ 336ನೇ ರ‍್ಯಾಂಕ್ ತನಕ, ಮಹಿಳೆಯರಲ್ಲಿ 253ರ ತನಕ. ಇದರಲ್ಲಿ ಕೋಚ್‌ಗೆ ಕೊಡುವ ಸಂಬಳ ಸೇರಿಲ್ಲ. ಕೋಚ್ ಇಲ್ಲದೆ ವೃತ್ತಿಪರ ಆಟಗಾರ ಮೇಲೇರುವುದು ಹೇಗೆ ಎಂದು ಅಧ್ಯಯನವನ್ನು ಕೇಳಬಾರದು. ಬೇರೆ ಯಾವ ವಿದ್ಯೆಯಲ್ಲಾದರೂ ಜಗತ್ತಿನ ನಾನೂರನೆಯವನು ಎಂದರೆ ಮನೆ ಮುಂದೆ ಎರಡು ಕಾರು ನಿಂತಿರುತ್ತವೆ. ಇಲ್ಲಿ ಅಪ್ಪನ ಭವಿಷ್ಯನಿಧಿ ಕರಗುತ್ತಿರುತ್ತದೆ.

ಇದನ್ನು ನಮ್ಮ ದೇಶದ ಮಟ್ಟಿಗೆ ಬಿಡಿಸಿ ಹೇಳಿದವರು ಸುಮಿತ್ ನಾಗಲ್. ಹರಿಯಾಣದ ಝಜ್ಜರ್ ಜಿಲ್ಲೆಯ ಹುಡುಗ, ಶಾಲಾ ಮೇಷ್ಟರ ಮಗ. ಮಹೇಶ್ ಭೂಪತಿ ಅವರ ಪ್ರತಿಭಾ ಶೋಧದಲ್ಲಿ ಆಯ್ಕೆಯಾಗಿ ಹತ್ತರ ಆಸುಪಾಸಿನ ವಯಸ್ಸಿಗೇ ಬೆಂಗಳೂರಿಗೆ ಬಂದು ಕಲಿತವರು. 2015ರಲ್ಲಿ ವಿಂಬಲ್ಡನ್ ಬಾಲಕರ ಡಬಲ್ಸ್ ಗೆದ್ದರು. 2017ರಲ್ಲಿ ಕಬ್ಬನ್ ಪಾರ್ಕಿನ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ (ಕೆಎಸ್‌ಎಲ್‌ಟಿಎ) ಅಂಗಳದಲ್ಲಿ ಬೆಂಗಳೂರು ಚಾಲೆಂಜರ್ ಗೆದ್ದರು. 2019ರ ಅಮೆರಿಕ ಓಪನ್‌ನಲ್ಲಿ ಅರ್ಹತಾ ಸುತ್ತು ದಾಟಿ ಬಂದು, ರೋಜರ್ ಫೆಡರರ್ ಅವರಿಂದ ಮೊದಲ ಸೆಟ್ ಕಸಿದುಕೊಂಡ ರಾತ್ರಿ ದೇಶಕ್ಕೆ ದೇಶವೇ ಅವರ ಹೆಸರು ಹೇಳಿತು. ಆಮೇಲೆ ಸೊಂಟದ ನೋವು, 2021ರಲ್ಲಿ ಶಸ್ತ್ರಚಿಕಿತ್ಸೆ, ರ‍್ಯಾಂಕ್ ಐನೂರರ ಆಚೆಗೆ. ಹೆಸರು ಹೇಳುವವರೂ ಕಡಿಮೆಯಾದರು.

2023ರ ಸೆಪ್ಟೆಂಬರ್‌ನಲ್ಲಿ ಪಿಟಿಐ ಸುದ್ದಿಸಂಸ್ಥೆಯ ಜೊತೆ ಮಾತಾಡುತ್ತ ನಾಗಲ್ ತಮ್ಮ ಬ್ಯಾಂಕಿನಲ್ಲಿ ಉಳಿದಿರುವುದು 900 ಯೂರೊ, ಅಂದರೆ 80 ಸಾವಿರ ರೂಪಾಯಿಯಷ್ಟು, ಎಂದು ಹೇಳಿಬಿಟ್ಟರು. ಆಗ ಅವರು ಭಾರತದ ನಂಬರ್ ಒನ್ ಸಿಂಗಲ್ಸ್ ಆಟಗಾರ. ಆ ವರ್ಷ ರೋಮ್ ಮತ್ತು ಫಿನ್ಲೆಂಡಿನ ಟಾಂಪೆರೆಯಲ್ಲಿ ಎರಡು ಚಾಲೆಂಜರ್ ಗೆದ್ದಿದ್ದರು. ಗಳಿಕೆ 65 ಲಕ್ಷ ರೂಪಾಯಿಯ ಸುಮಾರು. ಖರ್ಚು 80 ಲಕ್ಷದಿಂದ ಒಂದು ಕೋಟಿ, ಅದೂ ಒಬ್ಬ ಕೋಚ್ ಮಾತ್ರ ಜೊತೆಗಿದ್ದು, ಫಿಸಿಯೊ ಇಲ್ಲದೆ. ಕೊರತೆ ತುಂಬುತ್ತಿದ್ದದ್ದು ಇಂಡಿಯನ್ ಆಯಿಲ್ ಕಂಪನಿಯ ಸಂಬಳ ಮತ್ತು ಮಹಾ ಟೆನಿಸ್ ಪ್ರತಿಷ್ಠಾನದ ನೆರವು.

ಆ ಮಾತುಕತೆಯಲ್ಲಿ ಇನ್ನೊಂದು ವಿವರವಿತ್ತು. 900 ಯೂರೊ ಶೀರ್ಷಿಕೆಯಾಯಿತು, ಇದು ಅಷ್ಟಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಆ ವರ್ಷ ಅವರಿಗೆ ಸಿಕ್ಕ ಅತಿ ದೊಡ್ಡ ಚೆಕ್ ಯಾವುದು ಗೊತ್ತೆ? ಗೆದ್ದ ಎರಡು ಚಾಲೆಂಜರ್‌ಗಳದ್ದಲ್ಲ. ಅಮೆರಿಕ ಓಪನ್‌ನ ಅರ್ಹತಾ ಹಂತದ ಮೊದಲ ಪಂದ್ಯದಲ್ಲೇ ಸೋತದ್ದಕ್ಕೆ ಸಿಕ್ಕ 22 ಸಾವಿರ ಡಾಲರ್! ಧಾರವಾಡದಂಥ ಟೂರ್ನಿಯನ್ನು ಆರು ಸಲ ಗೆದ್ದರೂ ಅಷ್ಟು ಸಿಗುತ್ತಿರಲಿಲ್ಲ. ಟೆನಿಸ್‌ನ ಅರ್ಥಶಾಸ್ತ್ರ ತಿಳಿಯಲು ಬೇರೆ ಪುಸ್ತಕ ಓದಬೇಕಿಲ್ಲ. ಎಲ್ಲಿ ಗೆದ್ದೆ ಅನ್ನುವುದಕ್ಕಿಂತ ಎಲ್ಲಿ ಸೋತೆ ಅನ್ನುವುದಕ್ಕೆ ಇಲ್ಲಿ ಬೆಲೆ ಹೆಚ್ಚು. ಆದ್ದರಿಂದಲೇ ಗ್ರ್ಯಾಂಡ್‌ಸ್ಲಾಮ್‌ನ ಅರ್ಹತಾ ಹಂತಕ್ಕೆ ಹೆಸರು ಬರುವ ರ‍್ಯಾಂಕ್, ಅಂದರೆ ಹೆಚ್ಚುಕಡಿಮೆ ಇನ್ನೂರ ಮೂವತ್ತರ ಒಳಗೆ, ಇವರೆಲ್ಲರ ಕನಸು. ವರ್ಷಕ್ಕೆ ನಾಲ್ಕು ಸಲ ಅಲ್ಲಿ ಹೋಗಿ ಸೋತು ಬಂದರೂ ವರ್ಷದ ಅರ್ಧ ಸಂಸಾರ ಸಾಗುತ್ತದೆ.

ನಾಗಲ್ ಕಥೆಗೆ ಮುಂದಿನ ಭಾಗ ಸುಖದ್ದು. ನಾಲ್ಕೇ ತಿಂಗಳಲ್ಲಿ, 2024ರ ಜನವರಿಯಲ್ಲಿ, ನೇರ ಪ್ರವೇಶ ಕೊಡುವ ವೈಲ್ಡ್ ಕಾರ್ಡ್ ಸಿಗದೆ ಆಸ್ಟ್ರೇಲಿಯನ್ ಓಪನ್‌ನ ಅರ್ಹತಾ ಹಂತದ ಮೂರು ಪಂದ್ಯ ಗೆದ್ದು ಪ್ರಧಾನ ಸುತ್ತಿಗೆ ಬಂದರು. ಅಲ್ಲಿ 31ನೇ ಶ್ರೇಯಾಂಕದ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ಸೋಲಿಸಿದರು. 1989ರಲ್ಲಿ ಇದೇ ಟೂರ್ನಿಯಲ್ಲಿ ರಮೇಶ್ ಕೃಷ್ಣನ್ ಮ್ಯಾಟ್ಸ್ ವಿಲಾಂಡರ್ ಅವರನ್ನು ಸೋಲಿಸಿದ ಮೇಲೆ ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್‌ನಲ್ಲಿ ಶ್ರೇಯಾಂಕಿತ ಆಟಗಾರನನ್ನು ಭಾರತೀಯ ಪುರುಷನೊಬ್ಬ ಮಣಿಸಿದ್ದು ಅದೇ ಮೊದಲು. ಎರಡನೇ ಸುತ್ತು ತಲುಪಿದ್ದಕ್ಕೆ 1.8 ಲಕ್ಷ ಆಸ್ಟ್ರೇಲಿಯನ್ ಡಾಲರ್, ಕೋಟಿ ರೂಪಾಯಿಯ ಹತ್ತಿರ. ಫೆಬ್ರುವರಿಯಲ್ಲಿ ಚೆನ್ನೈ ಚಾಲೆಂಜರ್ ಗೆದ್ದು ನೂರರೊಳಗೆ ಬಂದರು, ಜುಲೈ ಹೊತ್ತಿಗೆ 68ಕ್ಕೆ ಏರಿದರು. ಆದರೆ 52 ವಾರಗಳ ಲೆಕ್ಕ ಯಾರನ್ನೂ ಬಿಡದು. 2025ರಲ್ಲಿ ಮತ್ತೆ ಇನ್ನೂರರ ಆಚೆಗೆ ಜಾರಿದರು. ಆ ವರ್ಷದ ನವೆಂಬರ್‌ನಲ್ಲಿ ಆಸ್ಟ್ರೇಲಿಯನ್ ಓಪನ್ ವೈಲ್ಡ್ ಕಾರ್ಡ್‌ಗಾಗಿ ಚೀನಾದಲ್ಲಿ ನಡೆಯುವ ಟೂರ್ನಿಗೆ ವೀಸಾ ನಿರಾಕರಣೆಯಾಗಿದೆ, ದಯವಿಟ್ಟು ಸಹಾಯ ಮಾಡಿ ಎಂದು ಜಾಲತಾಣದಲ್ಲಿ ಚೀನಾ ರಾಯಭಾರಿಗೇ ಮೊರೆ ಇಡಬೇಕಾಯಿತು. ಯುರೋಪಿನ ಹುಡುಗ ರೈಲು ಹತ್ತಿ ಮೂರು ದೇಶಗಳಲ್ಲಿ ಮೂರು ಟೂರ್ನಿ ಆಡಿಬರುತ್ತಾನೆ. ನಮ್ಮವರು ಅಷ್ಟು ಹೊತ್ತು ವೀಸಾ ಕಚೇರಿಯ ಸಾಲಿನಲ್ಲಿರುತ್ತಾರೆ.

ಹಾಗೆಂದು ಇದು ಬಡದೇಶದ ಗೋಳು ಮಾತ್ರ ಎಂದುಕೊಳ್ಳಬೇಡಿ. ಐರ್ಲೆಂಡಿನ ಕಾನರ್ ನೈಲಂಡ್ ಎಂಬ ಆಟಗಾರ 2024ರಲ್ಲಿ ‘ದಿ ರ‍್ಯಾಕೆಟ್’ ಎಂಬ ಪುಸ್ತಕ ಬರೆದರು. ಆ ವರ್ಷದ ವಿಲಿಯಂ ಹಿಲ್ ಕ್ರೀಡಾ ಪುಸ್ತಕ ಪ್ರಶಸ್ತಿ ಅದಕ್ಕೇ ಬಂತು. ಅವರ ಜೀವಮಾನದ ಅತ್ಯುತ್ತಮ ರ‍್ಯಾಂಕ್ 129. ಅಮೆರಿಕದ ಬರ್ಕ್‌ಲಿಯಲ್ಲಿ ಓದಿದವರು, ಬೇರೆ ಉದ್ಯೋಗಕ್ಕೆ ದಾರಿ ಇದ್ದವರು. 2011ರಲ್ಲಿ ವಿಂಬಲ್ಡನ್ ಅರ್ಹತಾ ಸುತ್ತು ದಾಟಿದರು. ಮೊದಲ ಸುತ್ತಿನಲ್ಲಿ ಫ್ರಾನ್ಸ್‌ನ ಅಡ್ರಿಯಾನ್ ಮನ್ನರಿನೊ ವಿರುದ್ಧ ಐದನೇ ಸೆಟ್‌ನಲ್ಲಿ 4–1ರ ಮುನ್ನಡೆ. ಇನ್ನೆರಡು ಗೇಮ್ ಗೆದ್ದಿದ್ದರೆ ಮುಂದಿನ ಪಂದ್ಯ ಫೆಡರರ್ ಜೊತೆ. ಅಲ್ಲಿಂದ ಒಂದೂ ಗೇಮ್ ಗೆಲ್ಲಲಿಲ್ಲ, 4–6ರಿಂದ ಸೋತರು. ಅದೇ ವರ್ಷ ಅಮೆರಿಕ ಓಪನ್‌ನಲ್ಲಿ ನೊವಾಕ್ ಜೊಕೊವಿಚ್ ಎದುರು ಆಡುವ ಅವಕಾಶ ಬಂತು. ಪಂದ್ಯದ ಮುನ್ನ ತಿಂದದ್ದು ಹೊಟ್ಟೆಗೆ ಆಗಲಿಲ್ಲ. 0–6, 1–5ರಲ್ಲಿ ಹಿಂದಿದ್ದಾಗ ಅಂಗಳ ಬಿಟ್ಟರು. ಮರುವರ್ಷ ನಿವೃತ್ತಿ. ಜೀವನದ ಎರಡು ದೊಡ್ಡ ದಿನಗಳು ಹೀಗೆ ಕಳೆದುಹೋದವನು ಕಹಿಯಿಲ್ಲದೆ ಬರೆದಿದ್ದಾನಲ್ಲ, ಅದೇ ಆ ಪುಸ್ತಕದ ಹೆಚ್ಚುಗಾರಿಕೆ. ಏಕಾಂಗಿತನದ ಬಗ್ಗೆ ಅದರಲ್ಲಿ ಬರುವ ಪುಟಗಳನ್ನು, ಮಕ್ಕಳನ್ನು ಟೆನಿಸ್‌ಗೆ ಹಾಕುವ ಪ್ರತಿ ತಂದೆತಾಯಿ ಓದಬೇಕು ಎಂದು ನನ್ನ ಅಭಿಪ್ರಾಯ.

ಬ್ರಿಟನ್ನಿನ ಮಾರ್ಕಸ್ ವಿಲ್ಲಿಸ್ ಕಥೆಯನ್ನು ಮಾತ್ರ ನಾನು ಅಷ್ಟು ಸಲೀಸಾಗಿ ಸಂಭ್ರಮಿಸಲಾರೆ. 2016ರಲ್ಲಿ 772ನೇ ರ‍್ಯಾಂಕಿನ ಈ ಕೋಚ್, ಅರ್ಹತಾ ಸುತ್ತಿಗೂ ಮುಂಚಿನ ಸುತ್ತಿನಿಂದ ಗೆಲ್ಲುತ್ತ ಬಂದು ವಿಂಬಲ್ಡನ್‌ನ ಸೆಂಟರ್ ಕೋರ್ಟಿನಲ್ಲಿ ಫೆಡರರ್ ಎದುರು ಆಡಿದರು. ಜಗತ್ತಿಗೆಲ್ಲ ಅದು ಕಾಲ್ಪನಿಕ ಕಥೆಯಂತೆ ಕಂಡಿತು. ಇಂಥ ಒಂದು ಕಥೆ ಸಿಕ್ಕರೆ ಸಾಕು, ಉಳಿದ ಏಳುನೂರು ಜನರ ಲೆಕ್ಕ ಕೇಳುವ ತಾಪತ್ರಯ ಯಾರಿಗೂ ಇರುವುದಿಲ್ಲ.

ದುಡ್ಡು ಕಡಿಮೆ ಇರುವಲ್ಲಿ ಬೇರೆ ದುಡ್ಡು ನುಸುಳುತ್ತದೆ. 2012ರಲ್ಲಿ ಅಂತರರಾಷ್ಟ್ರೀಯ ಫೆಡರೇಷನ್ ಕೆಳ ಹಂತದ ಟೂರ್ನಿಗಳ ನೇರ ಸ್ಕೋರುಗಳನ್ನು ಸ್ಪೋರ್ಟ್‌ರಡಾರ್ ಎಂಬ ಕಂಪನಿಗೆ ಮಾರಿತು. ನೂರು ಜನ ಪ್ರೇಕ್ಷಕರೂ ಇಲ್ಲದ ಪಂದ್ಯಗಳ ಮೇಲೆ ಜಗತ್ತಿನಾದ್ಯಂತ ಬಾಜಿ ಕಟ್ಟುವುದು ಸುಲಭವಾಯಿತು. 2018ರಲ್ಲಿ ವರದಿ ಕೊಟ್ಟ, ವಕೀಲ ಆಡಮ್ ಲೂಯಿಸ್ ನೇತೃತ್ವದ ಸ್ವತಂತ್ರ ಸಮಿತಿ ಮೂರು ಸಾವಿರಕ್ಕೂ ಹೆಚ್ಚು ಆಟಗಾರರನ್ನು ಕೇಳಿದಾಗ, ನೂರಕ್ಕೆ ಹದಿನಾಲ್ಕಕ್ಕೂ ಹೆಚ್ಚು ಮಂದಿ ಮ್ಯಾಚ್ ಫಿಕ್ಸಿಂಗ್ ಬಗ್ಗೆ ತಮಗೆ ನೇರವಾಗಿ ಗೊತ್ತು ಎಂದರು. ರೋಗದ ಬೇರು ಕೆಳ ಹಂತದಲ್ಲೇ ಇದೆ ಎಂದೂ ಸಮಿತಿ ಹೇಳಿತು. 2023ರ ಧಾರವಾಡದಂಥ ಟೂರ್ನಿಯಲ್ಲಿ ಮೊದಲ ಪಂದ್ಯ ಗೆದ್ದರೆ 430 ಡಾಲರ್, ಸೋತರೆ 260 ಸಿಗುತ್ತಿತ್ತು. ಬೇಕೆಂದೇ ಒಂದು ಸೆಟ್ ಬಿಟ್ಟುಕೊಟ್ಟರೆ ಅದರ ಹತ್ತು ಪಟ್ಟು ಎಂದು ಯಾರಾದರೂ ಪಿಸುಗುಟ್ಟಿದರೆ, ತಿಂಗಳಿಡೀ ಕೈಯಿಂದ ಖರ್ಚು ಮಾಡಿಕೊಂಡಿರುವ ಇಪ್ಪತ್ತೊಂದರ ಹುಡುಗ ಏನು ಮಾಡಬೇಕು? ಬೇಡ ಎನ್ನಬೇಕು, ಬಹುತೇಕರು ಬೇಡ ಎನ್ನುತ್ತಾರೆ ಕೂಡ. ಅವರಿಗೆ ಅದಕ್ಕಾಗಿ ಯಾರೂ ಪದಕ ಕೊಡುವುದಿಲ್ಲ. ಬದಲಿಗೆ ಬಾಜಿ ಸೋತವರ ಬೈಗುಳ ಮೊಬೈಲ್‌ಗೆ ಬಂದು ಬೀಳುತ್ತದೆ. ಸೋತರೆ ಬೈಗುಳ, ಗೆದ್ದರೆ ಎದುರಾಳಿಯ ಮೇಲೆ ಕಟ್ಟಿದವರಿಂದ ಬೈಗುಳ. ಮಹಿಳಾ ಆಟಗಾರ್ತಿಯರಿಗೆ ಬರುವ ಸಂದೇಶಗಳನ್ನು ಇಲ್ಲಿ ಬರೆಯುವಂತಿಲ್ಲ.

ಸುಧಾರಣೆಗಳೇ ಆಗಿಲ್ಲವೆಂದಲ್ಲ. ಕೆಲವು ಕೈಕೊಟ್ಟವು. 2019ರಲ್ಲಿ ಫೆಡರೇಷನ್ 15 ಸಾವಿರ ಡಾಲರ್ ಟೂರ್ನಿಗಳ ಎಟಿಪಿ ಅಂಕಗಳನ್ನೇ ತೆಗೆದುಹಾಕಿತು. ನೂರಾರು ಮಂದಿ ರಾತ್ರೋರಾತ್ರಿ ರ‍್ಯಾಂಕ್ ಕಳೆದುಕೊಂಡರು. ಗದ್ದಲವಾಗಿ ಅದೇ ವರ್ಷ ಹಿಂದಕ್ಕೆ ಪಡೆಯಬೇಕಾಯಿತು. 2024ರಿಂದ ಎಟಿಪಿ ಕನಿಷ್ಠ ಆದಾಯದ ಭರವಸೆ ಜಾರಿಗೆ ತಂದಿದೆ: ಆರಂಭದ ವರ್ಷದಲ್ಲಿ ಮೊದಲ ನೂರರವರಿಗೆ 3 ಲಕ್ಷ ಡಾಲರ್, 175ರ ತನಕ ಒಂದೂವರೆ ಲಕ್ಷ, 250ರ ತನಕ 75 ಸಾವಿರ. ಒಳ್ಳೆಯ ಕೆಲಸ, ಮೆಚ್ಚಬೇಕು. ಆದರೆ ಗೆರೆ ಎಳೆದದ್ದು 250ಕ್ಕೆ. ನಾನು ಹೇಳುತ್ತಿರುವ ಜನ ಆ ಗೆರೆಯ ಆಚೆಗಿದ್ದಾರೆ.

ಅವರಿಗೆ ಇರುವ ಇನ್ನೊಂದು ದಾರಿ ಡಬಲ್ಸ್. ಕೊಡಗಿನ ರೋಹನ್ ಬೋಪಣ್ಣ ಸಿಂಗಲ್ಸ್‌ನಲ್ಲಿ ಮುಟ್ಟಿದ ಅತ್ಯುನ್ನತ ರ‍್ಯಾಂಕ್ 213, ಅದು 2007ರಲ್ಲಿ. ಅಲ್ಲಿಗೇ ನಿಂತಿದ್ದರೆ ಅವರೂ ಈ ಲೇಖನದ ಒಂದು ಸಾಲಾಗುತ್ತಿದ್ದರು. ಡಬಲ್ಸ್‌ಗೆ ಹೊರಳಿ, 2024ರ ಜನವರಿಯಲ್ಲಿ 43ನೇ ವಯಸ್ಸಿಗೆ ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದು ವಿಶ್ವದ ನಂಬರ್ ಒನ್ ಆದರು. ರಾಮ್‌ಕುಮಾರ್ ಕೂಡ ಈಗ ಡಬಲ್ಸ್‌ನಲ್ಲೇ ಹೆಚ್ಚು ಪರಿಚಿತರು. ಸಿಂಗಲ್ಸ್‌ನಲ್ಲಿ ಅವರು ಮುಟ್ಟಿದ್ದು 181ನೇ ಸ್ಥಾನ. ಆರು ಚಾಲೆಂಜರ್ ಫೈನಲ್ ಸೋತು, ಏಳನೆಯದನ್ನು 2021ರಲ್ಲಿ ಬಹರೇನ್‌ನ ಮನಾಮಾದಲ್ಲಿ ಗೆದ್ದ ಮನುಷ್ಯ ಅವರು. ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್ ಅರ್ಹತಾ ಸುತ್ತಿನ ಬಾಗಿಲನ್ನು ವರ್ಷಗಟ್ಟಲೆ ತಟ್ಟಿದರೂ ಪ್ರಧಾನ ಸುತ್ತಿನ ಬಾಗಿಲು ತೆರೆಯಲಿಲ್ಲ. ಆದರೂ ಧಾರವಾಡಕ್ಕೆ ಬಂದರು, ಕಲಬುರಗಿಗೆ ಬಂದರು.

ಇಲ್ಲಿ ನಮ್ಮ ರಾಜ್ಯಕ್ಕೆ ಮಾಡಲು ಕೆಲಸವಿದೆ, ಮಾಡಿದ ಕೆಲಸವೂ ಇದೆ. ಕೆಎಸ್‌ಎಲ್‌ಟಿಎ 2017ರಿಂದ ಚಾಲೆಂಜರ್ ನಡೆಸುತ್ತಿದೆ. ಮೈಸೂರು, ಧಾರವಾಡ, ಕಲಬುರಗಿಗಳಲ್ಲಿ ಎಂ25 ನಡೆದಿವೆ, ಬೆಂಗಳೂರಿನಲ್ಲಿ ಮಹಿಳೆಯರ ಐಟಿಎಫ್ ಟೂರ್ನಿಗಳು ನಡೆದಿವೆ. ಮನೆಯಂಗಳದಲ್ಲಿ ಒಂದು ಟೂರ್ನಿ ನಡೆದರೆ ಮೈಸೂರಿನ ಪ್ರಜ್ವಲ್ ದೇವ್‌ನಂಥ ಆಟಗಾರ ವಿಮಾನದ ಖರ್ಚಿಲ್ಲದೆ, ವೀಸಾ ಇಲ್ಲದೆ, ಮನೆಯ ಊಟ ಮಾಡಿ ಅಂಕ ಗಳಿಸಬಹುದು. ಇದರ ಬೆಲೆ ಹೊರಗಿನವರಿಗೂ ಗೊತ್ತು. 2023ರಲ್ಲಿ ಆಸ್ಟ್ರೇಲಿಯಾದ ಮ್ಯಾಕ್ಸ್ ಪರ್ಸೆಲ್ ಚೆನ್ನೈ, ಬೆಂಗಳೂರು, ಪುಣೆ ಚಾಲೆಂಜರ್‌ಗಳನ್ನು ಮೂರು ವಾರಗಳಲ್ಲಿ ಸಾಲಾಗಿ ಗೆದ್ದು ನೂರರೊಳಗೆ ಏರಿ ಹೋದರು. ನಮ್ಮ ದೇಶ ಅವರಿಗೆ ಏಣಿಯಾಯಿತು. ನಮ್ಮವರಿಗೂ ಆಗಬೇಕಾದರೆ ಒಂದು ವರ್ಷ ಟೂರ್ನಿ ನಡೆಸಿ ಮುಂದಿನ ವರ್ಷ ಪ್ರಾಯೋಜಕರಿಲ್ಲ ಎಂದು ಕೈಬಿಡುವ ಚಾಳಿ ನಿಲ್ಲಬೇಕು. ಸರ್ಕಾರ ಪದಕ ಬಂದ ಮೇಲೆ ಕೋಟಿ ಘೋಷಿಸುವುದನ್ನು ಚೆನ್ನಾಗಿ ಕಲಿತಿದೆ. ಅದರಲ್ಲಿ ಒಂದು ಪಾಲು ಇಂಥ ವಾರಗಳಿಗೆ ಮುಂಚಿತವಾಗಿಯೇ ತೆಗೆದಿಟ್ಟರೆ ಜಿಲ್ಲಾ ಕೇಂದ್ರಗಳಲ್ಲಿ ಸಾಲಾಗಿ ಟೂರ್ನಿ ನಡೆಸಬಹುದು. ಒಂದರ ಹಿಂದೊಂದು ವಾರ ನಡೆದರಂತೂ ಇನ್ನೂ ಒಳ್ಳೆಯದು. ಆಟಗಾರ ಬಸ್ಸಿನಲ್ಲೇ ಧಾರವಾಡದಿಂದ ಕಲಬುರಗಿಗೆ, ಅಲ್ಲಿಂದ ಮೈಸೂರಿಗೆ ಹೋಗಬಹುದು.

ಓದುಗರಿಗೂ ಒಂದು ಮಾತು. ಇಂಥ ಟೂರ್ನಿಗಳಿಗೆ ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ. ಗ್ಯಾಲರಿಯಲ್ಲಿ ಕೂತವರು ಪದಾಧಿಕಾರಿಗಳು, ಸೋತು ಬಟ್ಟೆ ಬದಲಿಸಿ ಬಂದ ಆಟಗಾರರು, ಒಂದಷ್ಟು ಅಕಾಡೆಮಿ ಮಕ್ಕಳು, ಅಷ್ಟೇ. ಗಂಟೆಗೆ ಇನ್ನೂರು ಕಿಲೊಮೀಟರ್ ವೇಗದ ಸರ್ವ್ ಹತ್ತು ಅಡಿ ದೂರದಿಂದ ಹೇಗಿರುತ್ತದೆ ಎಂದು ನೋಡಲು ವಿಂಬಲ್ಡನ್‌ಗೇ ಹೋಗಬೇಕಿಲ್ಲ. ನಿಮ್ಮೂರಿನಲ್ಲಿ ಮುಂದಿನ ಎಂ25 ನಡೆದಾಗ ಮಕ್ಕಳನ್ನು ಕರೆದುಕೊಂಡು ಹೋಗಿ. ಫೈನಲ್‌ಗೆ ಕಾಯಬೇಡಿ, ಮಂಗಳವಾರದ ಮೊದಲ ಸುತ್ತಿಗೇ ಹೋಗಿ. ಬುಧವಾರ ಸಂಜೆಯ ಹೊತ್ತಿಗೆ ಸಿಂಗಲ್ಸ್‌ನ 32 ಮಂದಿಯಲ್ಲಿ 16 ಮಂದಿಯ ಆಟ ಮುಗಿದಿರುತ್ತದೆ.